ತಲೆ ಮಾತ್ರ ಕಾಣುವ ಮನೆ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕೂತು ಮನೆಗಳ ಪ್ಲಾನ್ ಬರೆಯುವ ನನಗೆ ಪ್ರತಿ ಮನೆಯೂ ಒಂದಿಷ್ಟು ನಗು ಕೊಟ್ಟಿದೆ. ಗುಡ್ಡದ ಮೇಲಿನ ಒಂದು ಪುಟ್ಟ ಮನೆ ಮಾತ್ರ ಪಾಯದಿಂದ ಹಿಡಿದು ಬಿಟ್ಟೂಬಿಡದೆ ನಗಿಸಿತು.

ಕಾಯಿ

ಯಜಮಾನರು ಭದ್ರಾವತಿಯ ಕಾರ್ಖಾನೆಯಿಂದ ನಿವೃತ್ತರಾದವರು. ಶಿವಮೊಗ್ಗದ ಅಂಚಿನಲ್ಲಿ ಅವರು ಕೊಂಡ ಸೈಟು ನಿಂತರೆ ಜಾರುವಷ್ಟು ಕಡಿದಾಗಿತ್ತು. ಗುದ್ದಲಿ ಪೂಜೆಯ ದಿನ ಒಡೆಯಬೇಕಿದ್ದ ತೆಂಗಿನಕಾಯಿ ಕೈಜಾರಿ, ಉರುಳಿ ಕೆಳಗಿನ ಓಣಿ ಸೇರಿತು. ಓಣಿಯ ಮನೆಯಾಕೆ ಅದನ್ನು ಹಿಡಿದು ಏದುಸಿರು ಬಿಡುತ್ತಾ ಹತ್ತಿ ಬಂದು ನನ್ನನ್ನು ಕೇಳಿದರು: “ಸಾರ್, ಮನೇನೂ ಹೀಗೇ ಬರುತ್ತಾ?”

ಮಹಡಿ

ಯಜಮಾನರ ಹೆಂಡತಿ ಮದುವೆಯಾದಾಗಿನಿಂದ ಒಂದೇ ಅಚ್ಚಿನ ಕ್ವಾರ್ಟರ್ಸ್ ಸಾಲಿನಲ್ಲಿ ಬಾಳಿದವರು. ನೆಂಟರು ತಪ್ಪಿ ಪಕ್ಕದ ಮನೆಗೆ ನುಗ್ಗಿ, ಕಾಫಿಯನ್ನೂ ಕುಡಿದು ಬಂದದ್ದುಂಟು. “ನೋಡಿದೋರು ಇದು ಇವರ ಮನೆ ಅನ್ಬೇಕು ಸಾರ್,” ಅದೊಂದೇ ಅವರ ಆಸೆ.

ನಾನು ಇಳಿಜಾರನ್ನೇ ಬಳಸಿ ಮೂರು ಅಂತಸ್ತು ಬರೆದೆ. ರಸ್ತೆ ಮಟ್ಟಕ್ಕೆ ಹಾಲ್, ಅದರ ಕೆಳಗೆ ಅಡುಗೆಮನೆ, ಅದರ ಕೆಳಗೆ ಮಲಗುವ ಕೋಣೆ. ಮನೆ ಎದ್ದ ಮೇಲೆ ಆಕೆ ರಸ್ತೆಯಲ್ಲಿ ನಿಂತು ನೋಡಿದರೆ ಕಾಣುವುದು ಹಾಲ್ ಒಂದೇ. ಮಹಡಿ ಎಲ್ಲಿ ಸಾರ್ ಎಂದರು. ಕೆಳಗಿದೆ ಅಮ್ಮ ಎಂದೆ. ನನ್ನ ಮಾತಿಗೆ ನನಗೇ ನಗು ಬಂತು, ಆಕೆಯ ಸಪ್ಪೆ ಮುಖ ನೋಡಿ ನುಂಗಿಕೊಂಡೆ.

ಹಸು

ಗೃಹಪ್ರವೇಶದ ಹಸು ಹಾಲ್‌ವರೆಗೆ ಗಂಭೀರವಾಗಿ ಬಂತು. ಹಾಲುಕ್ಕಿಸುವ ಅಡುಗೆಮನೆಗೂ ಅದರ ಪಾದ ತಾಗಬೇಕೆಂದು ಪುರೋಹಿತರ ಹಟ. ಮೆಟ್ಟಿಲ ತುದಿಯಿಂದ ಕೆಳಗೆ ಇಣುಕಿದ ಹಸು ನಾಲ್ಕೂ ಕಾಲೂರಿ ನಿಂತುಬಿಟ್ಟಿತು. ಬೆಲ್ಲಕ್ಕೂ ಬಾಳೆಹಣ್ಣಿಗೂ ಜಗ್ಗಲಿಲ್ಲ. ಕೊನೆಗೆ ಪುರೋಹಿತರು, ಇಲ್ಲಿಂದಲೇ ನೋಡಿತಲ್ಲ, ಸಾಕು ಎಂದು ಶಾಸ್ತ್ರ ಮುಗಿಸಿದರು. ಯಜಮಾನರು ನನ್ನ ಕಿವಿಯಲ್ಲಿ ಉಸುರಿದರು: “ಗೋಮಾತೆಗೇ ಧೈರ್ಯ ಬರ್ಲಿಲ್ಲ. ನಾವು ದಿನಾ ಇಳೀಬೇಕಲ್ಲ ಸಾರ್.”

ಫೋಟೊ

ಅದೇ ದಿನ ಯಜಮಾನರ ಹೆಂಡತಿಯ ಅಕ್ಕ ವಿದ್ಯಾನಗರದಿಂದ ಬಂದವರು, ಬಾಗಿಲಲ್ಲೇ “ಇಷ್ಟೇನಾ ಮಾರಾಯ್ತಿ?” ಎಂದುಬಿಟ್ಟರು. ತಂಗಿಯ ಕಣ್ಣು ತುಂಬಿತು. ಪ್ಲಾನ್ ಬರೆದ ನನಗೂ ಸಂಕಟವಾಯಿತು.

ಕೆಲವು ವಾರಗಳ ನಂತರ ಹೋದಾಗ ಹಾಲ್ ಗೋಡೆಯ ಮೇಲೆ, ದೇವರ ಪಟಕ್ಕಿಂತ ದೊಡ್ಡದಾದ ಫೋಟೊ ಇತ್ತು. ಕೆಳಗಿನ ಓಣಿಯಲ್ಲಿ ನಿಂತು ತೆಗೆಸಿದ್ದು. ಮೂರು ಅಂತಸ್ತೂ ಎದೆಯೆತ್ತಿ ನಿಂತಿದ್ದವು. ಅಂದು ಅಕ್ಕನೂ ಬಂದಿದ್ದರು. ಫೋಟೊವನ್ನೇ ದಿಟ್ಟಿಸಿ, “ಯಾರದ್ದು ಮಾರಾಯ್ತಿ ಇದು? ಕಟ್ಟಿಸಿದ್ರೆ ಇಂಥ ಮನೆ ಕಟ್ಟಿಸ್ಬೇಕಿತ್ತು ನೀನು,” ಎಂದರು.

ಆಕೆ ಅಕ್ಕನ ಕೈಗೆ ಕಾಫಿ ಕೊಡುತ್ತಾ ತಣ್ಣಗೆ ಹೇಳಿದರು: “ಅದರ ಮೂರನೇ ಅಂತಸ್ತಲ್ಲೇ ಕೂತಿದ್ದೀಯ ಅಕ್ಕ. ಕಿಟಕೀಲಿ ಬಗ್ಗಿ ನೋಡ್ಬೇಡ, ತಲೆ ಸುತ್ತುತ್ತೆ.”