ಭಾವನ ರಕ್ತನಾಳಕ್ಕೆ ಬ್ಯಾಟರಿ ನೀರು

ಕಾಯಿಲೆ ಎಲ್ಲರಿಗೂ ಬರುತ್ತದೆ. ಕಾಯಿಲೆಗೇ ಪಾಠ ಮಾಡಲು ಹೊರಟವರು ಬಹರೈನಿನಲ್ಲಿ ನಮ್ಮ ಭಾವ ಒಬ್ಬರೇ! ಅಕ್ಕನ ಗಂಡ, ಮೀನಾ ಸಲ್ಮಾನ್ ಬಂದರಿನ ಗೋದಾಮಿನಲ್ಲಿ ಸ್ಟೋರ್‌ಕೀಪರ್, ಬಿ.ಎಸ್ಸಿ. ಕೊನೆಯ ವರ್ಷ ಫೇಲ್. ಆದರೂ ‘ಬಿ.ಎಸ್ಸಿ.’ ಎನ್ನುವಾಗ ಅವರ ಎದೆ ಪಾಸಾದವರಿಗಿಂತ ಎರಡಿಂಚು ಹೆಚ್ಚು ಉಬ್ಬುತ್ತಿತ್ತು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಟುಬ್ಲಿಯ ಗ್ಯಾರೇಜಿನಲ್ಲಿ ಬ್ಯಾಟರಿ ಕೆಲಸ. ವಾಸ ಅವರದೇ ಫ್ಲಾಟಿನ ಇನ್ನೊಂದು ಕೋಣೆಯಲ್ಲಿ. ಅವರ ಮಾತು ಶುರುವಾಗುವುದೇ ಹೀಗೆ: “ನಿನಗೆ ಅರ್ಥ ಆಗ್ಲಿಕ್ಕಿಲ್ಲ ಮಾರಾಯ, ಆದ್ರೂ ಹೇಳ್ತೇನೆ.” ಇಪ್ಪತ್ತು ವರ್ಷ ಈ ಮಾತು ನುಂಗಿದವನಿಗೆ ಬೇರೆ ಕಹಿ ಔಷಧಿ ಯಾಕೆ?

ಭಾವನ ಸಕ್ಕರೆ ಕಾಯಿಲೆ ಮಾತ್ರೆಗೆ ಬಗ್ಗದಿದ್ದಾಗ ಡಾಕ್ಟರು ಇನ್ಸುಲಿನ್ ಬರೆದರು. ಭಾವ ಆಫೀಸಿನ ಇಂಟರ್ನೆಟ್ಟಿನಿಂದ ಹನ್ನೊಂದು ಹಾಳೆ ಪ್ರಿಂಟ್ ತೆಗೆದರು.

“ಇನ್ಸುಲಿನ್ ಎಂತ ಮಾಡ್ತದೆ ಗೊತ್ತುಂಟಾ? ರಕ್ತನಾಳದ ಗೋಡೆಯಲ್ಲಿ ಸ್ನಾಯುವಿನ ಕೋಶ ಉಂಟಲ್ಲ, ಅದರ ಆ್ಯಸಿಡನ್ನು ಹೊರಗೆ ದೂಡ್ತದೆ. ಬದಲಿಗೆ ಸೋಡಿಯಂ ಒಳಗೆ ಬಿಡ್ತದೆ. ಆ್ಯಸಿಡ್ ಹೋದ ಬ್ಯಾಟರಿ ಎಂತ ಆಗ್ತದೆ? ನೀನೇ ಹೇಳು!”

“ಡೌನ್ ಆಗ್ತದೆ.”

“ಹಾಂ! ಅದಕ್ಕೇ ನನಗೆ ಸೂಜಿ ಬೇಡ.”

ಮರುದಿನದಿಂದ ಲಿಂಬೆರಸ. ಮೀನಿನ ಸಾರಿಗೂ ಹುಳಿ ಹೆಚ್ಚಿಸಬೇಕೆಂದು ಅಕ್ಕನಿಗೆ ಆಜ್ಞೆಯಾಯಿತು. ವಾರದೊಳಗೆ ಎದೆಯುರಿ! “ಚಾರ್ಜ್ ಏರ್ತಾ ಉಂಟು” ಎಂದರು, ಎದೆ ಉಜ್ಜಿಕೊಳ್ಳುತ್ತಾ.

ನಾನು ಸುಮ್ಮನಿರಬೇಕಿತ್ತು. ಆದರೆ ಬ್ಯಾಟರಿ ನನ್ನ ವಿಷಯವಲ್ಲವೇ? ಅವರಿಗೆ ನಾನು ಪಾಠ ಮಾಡಬಹುದಾಗಿದ್ದ ಜಾಗ ಅದೊಂದೇ.

“ಭಾವ, ಹಳೆ ಬ್ಯಾಟರಿಗೆ ಯಾರೂ ಆ್ಯಸಿಡ್ ಹಾಕುದಿಲ್ಲ, ಒಳಗಿನ ಪ್ಲೇಟ್ ತಿಂದುಬಿಡ್ತದೆ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕುದು.”

ಜೀವನದಲ್ಲಿ ಮೊದಲ ಬಾರಿ ಅವರು ನನ್ನ ಮಾತಿಗೆ ತಲೆಯಾಡಿಸಿದರು. ಗೆದ್ದ ಖುಷಿಗೆ ಅಂದು ಎರಡು ಚಪಾತಿ ಹೆಚ್ಚು ತಿಂದೆ!

ಮೂರನೇ ದಿನ ನೋಡಿದರೆ, ಅಡುಗೆಮನೆಯಲ್ಲಿ ಐದು ಲೀಟರಿನ ಡಿಸ್ಟಿಲ್ಡ್ ವಾಟರ್ ಕ್ಯಾನು, ಪಕ್ಕದಲ್ಲಿ ಸ್ಟೀಲಿನ ಲೋಟ.

“ಅಯ್ಯೋ, ಅದು ಕಾರಿಗೆ!”

“ನೀನೇ ಹೇಳಿದ್ದಲ್ವಾ?”

ಅಕ್ಕ ಸೌಟು ಕೆಳಗಿಟ್ಟಳು. “ಒಬ್ರು ಓದಿ ಹಾಳಾದ್ರು, ಇನ್ನೊಬ್ಬ ಓದದೆ ಹಾಳಾದ. ಇವರ ಕಾಲು ನೋಡುವವರು ಯಾರು?”

ಹೌದು, ಕಾಲು. ಸೇಫ್ಟಿ ಶೂ ಕಚ್ಚಿದ ಗಾಯ ಮಾಗಿರಲಿಲ್ಲ. ಭಾವ ಸಾಕ್ಸ್ ಹಾಕಿಯೇ ಮಲಗುತ್ತಿದ್ದರು, ಎ.ಸಿ. ಚಳಿಗೆಂದು ನಾನು ನಂಬಿದ್ದೆ. ಅಂದು ಅಕ್ಕ ಹಟ ಹಿಡಿದು ಬಿಚ್ಚಿಸಿದಳು. ಕಿರುಬೆರಳು ಕಪ್ಪಾಗಿತ್ತು.

ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಭಾವ ಮಂಚದ ಮೇಲಿಂದಲೂ ಆ ಹಾಳೆ ತೋರಿಸಿದರು! ಡಾಕ್ಟರು ತಿರುವಿ ನೋಡಿ ಹಿಂದಿಯಲ್ಲಿ ಹೇಳಿದ್ದಿಷ್ಟು: ಬರೆದದ್ದು ಸುಳ್ಳಲ್ಲ, ಆದರೆ ಅದು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶದ ಕಥೆ. ಆ್ಯಸಿಡ್ ಹೊರಹಾಕಿ ಸಮ ಮಾಡಿಕೊಳ್ಳುವುದು ಕೋಶದ ದಿನನಿತ್ಯದ ಕೆಲಸ. ತಟ್ಟೆಗೆ ಕಾಲಿಲ್ಲ, ನಿಮಗಿದೆ.

ಮನೆಗೆ ಬಂದ ಮೊದಲ ಬೆಳಿಗ್ಗೆ ಅಕ್ಕ “ನನ್ನಿಂದ ಆಗುದಿಲ್ಲ” ಎಂದು ಹಿಂದೆ ಸರಿದಳು. ಸಿರಿಂಜು ನನ್ನ ಪಾಲಿಗೆ ಬಂತು. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. “ಈಗ ನಿಮ್ಮ ಬಿ.ಎಸ್ಸಿ. ಎಂತ ಹೇಳ್ತದೆ ಭಾವ?” ಎಂದು ಕೇಳಿಯೇ ಅಂಗಿ ಎತ್ತಿದೆ.

ಅವರು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು.

“ನನ್ನ ಅಪ್ಪನಿಗೆ ಇದೇ ಸೂಜಿ ಶುರು ಮಾಡಿದ್ರಲ್ಲ, ಆ ತಿಂಗಳೇ ಹೋದ್ರು ಮಾರಾಯ. ಹೆದರಿಕೆ ಅಂತ ನಿನ್ನೆದುರು ಹೇಳುದು ಹೇಗೆ?”

ಅಷ್ಟರಲ್ಲಿ ಸೂಜಿ ಒಳಹೋಗಿ ಹೊರಬಂದಿತ್ತು. “ಆಯ್ತು ಭಾವ” ಎಂದೆ. ಕೆಳಗೆ ಗ್ಯಾರೇಜಿನ ವ್ಯಾನು ಹಾರ್ನ್ ಹೊಡೆಯುತ್ತಲೇ ಇತ್ತು. ಅವರ ಹೊಟ್ಟೆಯ ಮೇಲೆ ಒತ್ತಿದ ಹತ್ತಿಯನ್ನು ನಾನು ಹಾಗೆಯೇ ಹಿಡಿದುಕೊಂಡಿದ್ದೆ.