ನೆಂಟರಲ್ಲದವರ ಅಂಗಡಿ

ಎಲ್ಲಕ್ಕೂ ಮೂಲ ಒಂದು ಇಲಿ. ಹನೂರು ಕಡೆಯ ಶಾಗ್ಯದಾಚೆಯ ಆ ಸಣ್ಣ ಸರ್ಕಾರಿ ಶಾಲೆಯಲ್ಲಿ ಗ್ರಂಥಾಲಯ ಎಂದರೆ ಕಿಟಕಿಯ ಕೆಳಗಿಟ್ಟ ಎರಡು ರಟ್ಟಿನ ಪೆಟ್ಟಿಗೆ. ಅದರೊಳಗಿನ ಒಂದು ಕಥೆಪುಸ್ತಕದಲ್ಲಿ ರಾಕ್ಷಸ ರಾಜಕುಮಾರಿಯನ್ನು ಹೊತ್ತೊಯ್ದ ಪುಟದವರೆಗೆ ಮಕ್ಕಳು ಓದಿದ್ದರು. ಅವಳನ್ನು ಬಿಡಿಸಿ ತಂದ ಪುಟ ಇಲಿಯ ಹೊಟ್ಟೆಯಲ್ಲಿತ್ತು. ಮುಂದೇನಾಯಿತು ಎಂದು ಮಕ್ಕಳು ದಿನಾ ಕೇಳುತ್ತಿದ್ದರು. ಪ್ರಭಾರ ಮುಖ್ಯಶಿಕ್ಷಕ ಶಾಂತರಾಜು ದಿನಕ್ಕೊಂದು ಮುಕ್ತಾಯ ಕಟ್ಟಿ ಹೇಳಿ ಸುಸ್ತಾಗಿದ್ದ.

ಅಷ್ಟರಲ್ಲಿ ಕೇಂದ್ರದ ಅನುದಾನ ಬಂತು. ಒಂದು ಕಬ್ಬಿಣದ ಬೀರು ತಂದು ಪುಸ್ತಕಕ್ಕೆ ಬೀಗ ಹಾಕಿದರೆ ಇಲಿಯ ವಿದ್ಯಾಭ್ಯಾಸ ಅಲ್ಲಿಗೆ ನಿಲ್ಲುತ್ತಿತ್ತು. ಆದರೆ ದುಡ್ಡಿನ ಹಿಂದೆಯೇ ನಿಯಮಗಳೂ ಬಂದಿದ್ದವು. ಮೂರು ಅಂಗಡಿಯ ದರ ಹೋಲಿಸಬೇಕು. ಬಿಲ್ ಇಲ್ಲದೆ ಒಂದು ಮೊಳೆಯನ್ನೂ ಕೊಳ್ಳುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮಾರುವವನು ಮುಖ್ಯಶಿಕ್ಷಕರಿಗಾಗಲಿ ಶಾಲಾ ಸಮಿತಿಯವರಿಗಾಗಲಿ ನೆಂಟನಾಗಿರಬಾರದು, ಹಾಗೆಂದು ಬರೆದು ಸಹಿ ಹಾಕಬೇಕು. ಪಕ್ಕದ ಊರಿನ ಮೇಷ್ಟರೊಬ್ಬರು ಭಾಮೈದನ ಅಂಗಡಿಯಲ್ಲಿ ಬೆಂಚು ಕೊಂಡು, ಆಡಿಟ್‌ನವರ ಮುಂದೆ ಕೈಕಟ್ಟಿ ನಿಂತದ್ದನ್ನು ಶಾಂತರಾಜು ಕಣ್ಣಾರೆ ಕಂಡಿದ್ದ. ಅಂದಿನಿಂದ ನೆಂಟ ಎಂಬ ಪದ ಕೇಳಿದರೂ ಅವನ ಎದೆ ಡವಗುಟ್ಟುತ್ತಿತ್ತು.

ಹೆದರಿ ಹೆದರಿ ಮಾರ್ಚ್ ಕೊನೆಯ ದಿನದವರೆಗೆ ತಳ್ಳಿಬಿಟ್ಟಿದ್ದ. ಇವತ್ತು ಸಂಜೆ ಏಳರೊಳಗೆ ದುಡ್ಡು ಅಂಗಡಿಯವನ ಖಾತೆಗೆ ಹೋಗದಿದ್ದರೆ ಅದು ಬಂದ ದಾರಿಯಲ್ಲೇ ವಾಪಸು, ಜೊತೆಗೆ ನೋಟಿಸು. ದುಡ್ಡು ಹೋಗಬೇಕಾದರೆ ಅವನ ಮೊಬೈಲಿಗೂ ಸಮಿತಿಯ ಅಧ್ಯಕ್ಷೆ ಪುಟ್ಟಮಾದಮ್ಮನ ಮೊಬೈಲಿಗೂ ಒಂದೊಂದು ಓಟಿಪಿ ನಂಬರ್ ಬರಬೇಕು. ಹಾಗಾಗಿ ಆಕೆಯನ್ನೂ ಕರೆದುಕೊಂಡೇ ಹೊರಡಬೇಕಾಯಿತು.

ಪುಟ್ಟಮಾದಮ್ಮ ಅಂದರೆ ಊರಿಗೆಲ್ಲ ಬೇಕಾದ ಹೆಂಗಸು. ಆಕೆಗೆ ಬಗೆಹರಿಯದ ಕೆಲಸ ಎಂದರೆ ಒಂದೇ: ಮೂವತ್ತಾರು ದಾಟಿದರೂ ಮದುವೆಯಾಗದೆ ಒಂಟಿಯಾಗಿ ಅನ್ನ ಬೇಯಿಸಿಕೊಳ್ಳುವ ಈ ಮೇಷ್ಟರು. ಎಷ್ಟೋ ಸಲ ಹುಡುಗಿಯರ ಫೋಟೋ ತಂದು ತೋರಿಸಿದ್ದಳು. ಅವನು ಪ್ರತಿ ಸಲವೂ ಪರೀಕ್ಷೆ, ಜನಗಣತಿ, ಮೊಟ್ಟೆಯ ಲೆಕ್ಕ ಎಂದು ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡಿದ್ದ. ಅಂದು ಬೆಳಿಗ್ಗೆ ಆಕೆ ರೇಷ್ಮೆ ಸೀರೆ ಉಟ್ಟು ಬಸ್ ಸ್ಟ್ಯಾಂಡಿಗೆ ಬಂದಳು. ಮೇಷ್ಟರ ಮಾಸಲು ಅಂಗಿಯನ್ನು ಮೇಲಿಂದ ಕೆಳಗೆ ನೋಡಿ, ಸೆಂಟ್ರಲ್ ಗೌರ್ಮೆಂಟ್ ದುಡ್ಡು ಹಿಡಿದು ಹೋಗುವವರು ಹೀಗಾ ಹೋಗುವುದು ಎಂದು ಗದರಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಸಿಯೇ ಬಸ್ ಹತ್ತಿಸಿದಳು.

ಹನೂರಿನ ಅಂಗಡಿಯಲ್ಲಿ ಬೀರು ಚೆನ್ನಾಗಿತ್ತು, ದರವೂ ಹಿತವಾಗಿತ್ತು. ಅಂಗಡಿಯವನು ಮಣಿಕಂಠ, ಒಳ್ಳೆಯ ಮಾತಿನವನು. ಶಾಂತರಾಜು ಇನ್ನೇನು ಕಾಗದ ತೆಗೆಯಬೇಕು, ಪುಟ್ಟಮಾದಮ್ಮ ಒಳಗೆ ಕಾಲಿಟ್ಟವಳೇ, "ಏನ್ ಅಳಿಯಾ, ಚೆಂದಾಗಿದ್ದೀಯಾ?" ಎಂದಳು.

ಶಾಂತರಾಜುವಿನ ಕೈ ಜೇಬಿನಲ್ಲೇ ಉಳಿಯಿತು. ಇವರು ನಿಮಗೆ ನೆಂಟರಾ ಎಂದು ಪಿಸುಗುಟ್ಟಿದ.

"ನಮ್ಮ ಚಿಕ್ಕವ್ವನ ಮಗನ ಮಗ ಕಣ್ ಸಾ. ಎತ್ತಿ ಆಡ್ಸಿವ್ನಿ."

ಮಣಿಕಂಠ ಒಂದು ಗಳಿಗೆ ಆಕೆಯನ್ನೇ ನೋಡಿದ. ಆಮೇಲೆ ಮುಖ ಅರಳಿಸಿ ಕುರ್ಚಿ ಒರೆಸಿ ಕೊಟ್ಟ, ಸೋಡಾ ತರಿಸಿದ. ಶಾಂತರಾಜು ದರದ ಚೀಟಿಯನ್ನಷ್ಟೇ ಈಸಿಕೊಂಡು ಎದ್ದ.

ಕೊಳ್ಳೇಗಾಲದ ಮೊದಲ ಅಂಗಡಿಯ ಷಡಕ್ಷರಿ ಎಂಬ ಹಿರಿಯರು ಆಕೆಗೆ ಸೋದರಮಾವನಾದರು. ಅವರು ಕನ್ನಡಕ ಏರಿಸಿ ನೋಡಿ, ಗುರುತು ಸಿಗದಿದ್ದರೂ, ಊರಲ್ಲಿ ಎಲ್ಲ ಚೆನ್ನಾಗಿದ್ದಾರಾ ಎಂದು ಕೇಳಿದರು. ಮನೆ ಬಾಗಿಲಿಗೆ ನೆಂಟಸ್ತನ ಬಂದಾಗ ಇಲ್ಲ ಎನ್ನುವ ರೂಢಿ ನಮ್ಮ ಕಡೆ ಇಲ್ಲ. ಎರಡನೆಯ ಅಂಗಡಿಯವರು ಬೀಗರಾದರು. ಕಬ್ಬಿನ ಹಾಲು ಕುಡಿಯಲು ನಿಂತರೆ ಅಲ್ಲಿಯವನೂ ಅಣ್ಣನ ಮಗ. ಶಾಂತರಾಜುವಿಗೆ ಅಳು ಬರುವಂತಾಯಿತು. ಮೂರು ದರದ ಚೀಟಿ ಜೇಬಿನಲ್ಲಿವೆ, ಕೊಳ್ಳಲು ಒಬ್ಬ ಪರಕೀಯನಿಲ್ಲ.

"ಯಳಂದೂರ್‌ಗೆ ಓಗದ ನಡೀರಿ ಸಾ," ಎಂದಳು ಪುಟ್ಟಮಾದಮ್ಮ, ತಲೆಯ ಹೂವು ಸರಿಮಾಡಿಕೊಳ್ಳುತ್ತ. "ಅಲ್ಲಿ ನಂಗೆ ಒಂದು ನರಪಿಳ್ಳೆನೂ ಗೊತ್ತಿಲ್ಲ."

ಯಳಂದೂರಿನಲ್ಲಿ ಆಕೆ ನೇರ ಒಂದು ಅಂಗಡಿಗೇ ನಡೆದಳು. ಅಲ್ಲಿ ಮಾತ್ರ ಆಕೆಯ ಧಾಟಿಯೇ ಬೇರೆ. ಅಳಿಯ ಇಲ್ಲ, ಮಾವ ಇಲ್ಲ. ನಿಮ್ಮ ಹೆಸರೇನ್ರಿ ಎಂದು ಬಿಗಿಯಾಗಿ ಶುರುಮಾಡಿದಳು. ಅಂಗಡಿಯವರ ಹೆಸರು ರಾಜಣ್ಣ, ಮೂಲ ಹೊನ್ನೂರು. ಮನೆದೇವರು ಯಾವುದು, ತಾಯಿಯ ತವರು ಎಲ್ಲಿ, ಹೆಂಡತಿಯ ಕಡೆಯವರು ಯಾರು ಎಂದೆಲ್ಲ ಆಕೆ ಬೇರು ಸಮೇತ ವಿಚಾರಿಸಿದಳು. ಇಷ್ಟು ಕಟ್ಟುನಿಟ್ಟಾಗಿ ನಿಯಮ ಪಾಲಿಸುವ ಅಧ್ಯಕ್ಷೆ ಜಿಲ್ಲೆಯಲ್ಲೇ ಇಲ್ಲವೆಂದು ಶಾಂತರಾಜು ಮನಸ್ಸಿನಲ್ಲೇ ಮೆಚ್ಚಿಕೊಂಡ.

ಆಮೇಲೆ ರಾಜಣ್ಣ ಅವನ ಕಡೆ ತಿರುಗಿ ಅವೇ ಪ್ರಶ್ನೆ ಕೇಳತೊಡಗಿದರು. ನಿಯಮ ಎರಡೂ ಕಡೆಗೆ ಅನ್ವಯಿಸುತ್ತದೆ ತಾನೆ ಎಂದುಕೊಂಡು ಶಾಂತರಾಜು ಒಂದನ್ನೂ ಮುಚ್ಚಿಡಲಿಲ್ಲ. ಅಪ್ಪ ಅಮ್ಮ ನಂಜನಗೂಡಿನ ಕಡೆಯವರು, ಒಬ್ಬಳೇ ತಂಗಿ, ಕೆಲಸ ಕಾಯಂ, ಸಾಲವಿಲ್ಲ, ಬೀಡಿ ಸಿಗರೇಟಿಲ್ಲ. ಬಿಪಿ, ಶುಗರ್ ಇಲ್ಲವೆಂಬುದನ್ನು ಅವರು ಕೇಳದಿದ್ದರೂ ತಾನೇ ಸೇರಿಸಿದ. ಪಾರದರ್ಶಕತೆ ಅಂದರೆ ಅದು.

ಒಳಗೆ ಬನ್ನಿ, ಕಾಫಿ ಕುಡಿಯುತ್ತ ಬರೆಯೋಣ ಎಂದರು ರಾಜಣ್ಣ. ಅಂಗಡಿಯ ಹಿಂದೆಯೇ ಮನೆ. ಉಪ್ಪಿಟ್ಟು, ಕೇಸರಿಬಾತು ಬಂದವು. ತಂದವಳು ರಾಜಣ್ಣನ ಮಗಳು ಮೀನಾ. ಅಂಗಡಿಯ ಬಿಲ್ಲು, ತೆರಿಗೆ ಎಲ್ಲ ಅವಳದೇ ಜವಾಬ್ದಾರಿಯಂತೆ. ಬೀರು ಯಾತಕ್ಕೆ ಎಂದು ಕೇಳಿದಳು. ಇಲಿ, ರಾಕ್ಷಸ, ಕಳೆದುಹೋದ ಪುಟ, ಎಲ್ಲವನ್ನೂ ಹೇಳಿದ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, ಕೆಳಗೆ ಸಂದಿಯಿಲ್ಲದ ಬೀರನ್ನೇ ಆರಿಸಿ ತೋರಿಸಿದಳು. ರಾಜಕುಮಾರಿ ತಾನೇ ರಾಕ್ಷಸನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿ ಬಂದಳು ಎಂದು ಮಕ್ಕಳಿಗೆ ಹೇಳಿಬಿಡಿ ಎಂದಳು. ಇಷ್ಟು ದಿನ ತಾನು ಕಟ್ಟಿದ ಒಂದು ಮುಕ್ತಾಯವೂ ಇಷ್ಟು ಚೆನ್ನಾಗಿರಲಿಲ್ಲ ಅನಿಸಿತು ಶಾಂತರಾಜುವಿಗೆ. ಕೇಸರಿಬಾತನ್ನು ಎರಡನೇ ಸಲ ಹಾಕಿಸಿಕೊಂಡ.

ಬಿಲ್ಲು ತಯಾರಾಯಿತು. ಮಾರುವವರಿಗೂ ತನಗೂ ಯಾವ ನೆಂಟಸ್ತನವೂ ಇಲ್ಲವೆಂದು ದುಂಡಗೆ ಬರೆದು ಸಹಿ ಹಾಕಿ, ಇನ್ನೇನು ಮೊಬೈಲ್ ಒತ್ತಬೇಕು, ಒಳಗಿನಿಂದ ರಾಜಣ್ಣನ ಹೆಂಡತಿ ತಟ್ಟೆಯಲ್ಲಿ ತೆಂಗಿನಕಾಯಿ, ಹೂವು, ಎಲೆಅಡಿಕೆ ಹಿಡಿದು ಬಂದರು. ರಾಜಣ್ಣ ಅವನ ಎರಡೂ ಕೈ ಹಿಡಿದುಕೊಂಡರು.

"ನಮ್ಮ ಹುಡುಗೀಗೆ ಒಪ್ಗೆ ಅಂತೆ ಸಾರ್. ನಿಮ್ದು ಒಂದು ಮಾತು ಯೋಳ್ಬುಡಿ."

ಶಾಂತರಾಜು ಪುಟ್ಟಮಾದಮ್ಮನ ಕಡೆ ನೋಡಿದ. ಆಕೆ ಸೂರಿನ ಕಡೆ ನೋಡುತ್ತಿದ್ದಳು. ರೇಷ್ಮೆ ಸೀರೆ, ಇಸ್ತ್ರಿ ಅಂಗಿ, ಮನೆದೇವರು, ಎಲ್ಲವೂ ಅವನ ತಲೆಯಲ್ಲಿ ಒಂದೊಂದಾಗಿ ಬಂದು ಸಾಲಾಗಿ ನಿಂತವು. ಸಿಟ್ಟು ಬರಬೇಕಿತ್ತು. ಆದರೆ ಬಾಗಿಲ ಬಳಿ ಮೀನಾ ನಿಂತಿದ್ದಳು, ಹೊಟ್ಟೆಯಲ್ಲಿ ಅವಳ ಮನೆಯ ಕೇಸರಿಬಾತು ತಂಪಾಗಿ ಕೂತಿತ್ತು, ಸಿಟ್ಟು ಬರಲೇ ಇಲ್ಲ. ಒಪ್ಪಿಗೆ ಎಂದುಬಿಟ್ಟ. ಹೇಳಿದ ಮೇಲೆ ಎಷ್ಟು ಹಗುರವಾಯಿತೆಂದರೆ, ಇಷ್ಟು ವರ್ಷ ಯಾಕೆ ತಪ್ಪಿಸಿಕೊಂಡು ಓಡಾಡಿದೆ ಎಂದು ಅವನಿಗೇ ಆಶ್ಚರ್ಯವಾಯಿತು.

ಎಲ್ಲರೂ ನಗುತ್ತಿರುವಾಗ ಮೀನಾ ಮೆಲ್ಲಗೆ ಮುಂದೆ ಬಂದು ಮೇಜಿನ ಮೇಲಿನ ಬಿಲ್ಲನ್ನು ಎತ್ತಿಕೊಂಡಳು. "ಹಂಗಾದ್ರೆ ನೀವು ನಮ್ಮಲ್ಲಿ ಬೀರು ತಗೊಳಂಗಿಲ್ಲ ಅಲ್ವಾ?"

ನಿಜವೇ. ಸಹಿಯ ಮಸಿ ಒಣಗುವ ಮೊದಲೇ ಮಾರುವವರು ಮಾವನಾಗಿದ್ದರು. ಹುಡುಗಿಯ ಮೇಲಿನ ಗೌರವ ಅವನಿಗೆ ಎರಡರಷ್ಟಾಯಿತು. ಬೀರು ಹೋಯಿತಲ್ಲ ಎಂದು ತಲೆ ಮೇಲೆ ಕೈ ಹೊತ್ತು ಕೂತಾಗ ಪುಟ್ಟಮಾದಮ್ಮ ಕೆಮ್ಮಿದಳು.

"ಅನೂರಿನ ಆ ಹುಡ್ಗ ನಂಗೆ ಏನೂ ಆಗ್ಬೇಕಿಲ್ಲ ಬುಡಿ ಸಾ. ಇವತ್ತೇ ಮೊದ್ಲು ನೋಡಿದ್ದು. ಹಿಂಗೆ ಮಾಡ್ದೆ ಓದ್ರೆ ನೀವು ಯಳಂದೂರ್‌ಗಂಟ ಬತ್ತಿದ್ರಾ?"

ಕೊಳ್ಳೇಗಾಲದ ಸೋದರಮಾವ, ಬೀಗರು, ಕಬ್ಬಿನ ಹಾಲಿನವನು, ಒಬ್ಬರೂ ನೆಂಟರಲ್ಲ. ಶಾಂತರಾಜುವಿಗೆ ಹೋದ ಜೀವ ಬಂದಂತಾಯಿತು. ಎಲ್ಲರಿಗಿಂತ ಕಡಿಮೆ ದರ ಹನೂರಿನದೇ. ಹೊತ್ತು ಇನ್ನೂ ಇದೆ. ಮಾವನಿಗೆ, ಅತ್ತೆಗೆ ಕೈಮುಗಿದು, ಮೀನಾಳ ಕಡೆ ಒಂದು ಸಲ ತಿರುಗಿ ನೋಡಿ, ಪುಟ್ಟಮಾದಮ್ಮನನ್ನು ಕರೆದುಕೊಂಡು ಬಸ್ಸಿಗೆ ಓಡಿದ.

ಹನೂರು ಮುಟ್ಟಿದಾಗ ಬೀದಿ ದೀಪ ಹತ್ತುತ್ತಿತ್ತು. ಅಂಗಡಿಯ ಮುಂದೆ ಲಗೇಜ್ ಆಟೋ ನಿಂತಿತ್ತು. ಆಟೋದಲ್ಲಿ ಅದೇ ಬೀರು, ಹಗ್ಗ ಬಿಗಿದು, ಮೇಲೆ ಅರಿಶಿನ ಕುಂಕುಮ ಹಚ್ಚಿ, ಹೂವು ಮುಡಿಸಿ ಇಟ್ಟಿತ್ತು.

"ವಾಂಗೋ, ಬನ್ನಿ ಅತ್ತೆ," ಎಂದು ಮಣಿಕಂಠ ಓಡಿ ಬಂದ. "ನಿಮ್ಗೇ ಕಾಯ್ತಾ ಇದ್ದೆ."

ಶಾಂತರಾಜು ಬಿಲ್ಲು ಕೊಡಪ್ಪ, ದುಡ್ಡು ಹಾಕ್ತೀನಿ ಎಂದ. ಮಣಿಕಂಠ ಕಿವಿ ಮುಚ್ಚಿಕೊಂಡ. ಸೇಲಂ ಕಡೆಯಿಂದ ಬಂದು ಇಲ್ಲಿ ಅಂಗಡಿ ಇಟ್ಟು ಎಷ್ಟೋ ವರ್ಷವಾಯಿತು, ಎಲ್ಲರೂ ಅಂಗಡಿಯವನೇ ಎಂದು ಕರೆದವರೇ ಹೊರತು ಅಳಿಯ ಎಂದವರು ಒಬ್ಬರಿಲ್ಲ, ಊರಿಗೆ ಫೋನ್ ಮಾಡಿ ಅಮ್ಮನಿಗೂ ಹೇಳಿದೆ, ಅವಳು ಅತ್ತುಬಿಟ್ಟಳು ಎಂದ.

"ಅತ್ತೆ ಊರಿನ ಸ್ಕೂಲ್ ಸಾರ್. ಕಾಸು ಈಸ್ಕಂಡ್ರೆ ನಮ್ಮಮ್ಮ ನನ್ನ ಮನೆಗೆ ಸೇರ್ಸಲ್ಲ."

ಶಾಂತರಾಜು ಪುಟ್ಟಮಾದಮ್ಮನಿಗೆ ಕಣ್ಸನ್ನೆ ಮಾಡಿದ. ನಿಜ ಹೇಳಿಬಿಡಿ ಎಂದು ಬೇಡಿಕೊಂಡ. ಆಕೆ ಬಾಯಿ ತೆರೆದಳು. ಹುಡುಗನ ಮುಖ ನೋಡಿದಳು. ಬಾಯಿ ಮುಚ್ಚಿ, ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು ಅವನ ತಲೆ ಸವರಿದಳು. ಅಲ್ಲಿಗೆ ಆ ನೆಂಟಸ್ತನ ಕಾಯಂ ಆಯಿತು.

ಪುಸ್ತಕಗಳಿಗೆ ಬೀರು ಬಂತು, ಸಂತೋಷ. ಆದರೆ ಬಿಲ್ಲಿಲ್ಲ, ಖರ್ಚಿಲ್ಲ, ಬೇರೆ ಅಂಗಡಿಗೆ ಓಡಲು ಹೊತ್ತೂ ಇಲ್ಲ. ಏಳು ಹೊಡೆಯುತ್ತಲೇ ಕೇಂದ್ರದ ದುಡ್ಡು ಒಂದು ಪೈಸೆಯೂ ಕಡಿಮೆಯಾಗದೆ ದೆಹಲಿಯ ದಾರಿ ಹಿಡಿಯಿತು. ಅದರ ಬೆನ್ನಿಗೇ ಶಿಕ್ಷಣ ಇಲಾಖೆಯ ಕಚೇರಿಯಿಂದ ಗುಮಾಸ್ತ ಶಿವರಾಜು ಫೋನ್ ಮಾಡಿ, ನಾಳೆ ನೋಟಿಸ್ ಬರುತ್ತದೆ, ಸಮಜಾಯಿಷಿ ಬರೆದಿಟ್ಟುಕೊಳ್ಳಿ ಎಂದರು. ಶಾಂತರಾಜು ದಿನವಿಡೀ ಅಂಗಡಿ ಅಂಗಡಿ ಸುತ್ತಿದ್ದನ್ನು ಹೇಳಿಕೊಂಡ.

"ಅಲ್ರೀ ಮೇಷ್ಟ್ರೆ, ಬೆಳಿಗ್ಗೆಯಿಂದ ಮೂರು ತಾಲ್ಲೂಕು ಸುತ್ತಿದ್ದೀರಿ. ನೆಂಟ ಅಲ್ದಿರೋ ಒಬ್ಬ ಅಂಗಡಿಯವನು ನಿಮಗೆ ಸಿಗಲಿಲ್ವಾ?"

ಶಾಂತರಾಜು ಎದುರಿಗೆ ನೋಡಿದ. ಅಳಿಯ ಅತ್ತೆಗೆ ಸೋಡಾ ಒಡೆದು ಕೊಡುತ್ತಿದ್ದ. ತನ್ನ ಕೈಯಲ್ಲಿ ಮಾವನ ಮನೆಯ ತೆಂಗಿನಕಾಯಿ ಇತ್ತು.

"ಬೆಳಿಗ್ಗೆ ಯಾರೂ ನೆಂಟರಾಗಿರಲಿಲ್ಲ ಸಾರ್," ಎಂದ. "ಸಂಜೆ ಹೊತ್ತಿಗೆ ಆಗಿಬಿಟ್ರು."