ಮಡಿಯುಟ್ಟ ಸ್ಟೋ

ವಿರಹದ ಬಗ್ಗೆ ಬರೆದವರೆಲ್ಲ ಚಂದ್ರ, ಕೋಗಿಲೆ, ಮಲ್ಲಿಗೆ ಎಂದು ಬರೆಯುತ್ತಾರೆ. ನನ್ನ ವಿರಹದಲ್ಲಿ ಇವು ಯಾವುವೂ ಇರಲಿಲ್ಲ. ಇದ್ದದ್ದು ಒಂದು ಹಿತ್ತಾಳೆಯ ಪಂಪ್ ಸ್ಟೋ. ಅದೂ ಹೊತ್ತುತ್ತಿರಲಿಲ್ಲ. ಈಗ ಹೇಳಿದರೆ ಮೊಮ್ಮಕ್ಕಳು ನಗುತ್ತಾರೆ, ನಗಲಿ. ಹೆಂಡತಿ ಇಪ್ಪತ್ತು ಚಿಲ್ಲರೆ ಮೈಲಿ ಆಚೆ ಇದ್ದು, ಅವಳು ಬರುವುದು ಬಿಡುವುದು ಒಂದು ಸ್ಟೋವಿನ ಮರ್ಜಿಯ ಮೇಲಿದ್ದರೆ ಏನಾಗುತ್ತದೆಂಬುದು ಅನುಭವಿಸಿದವನಿಗೇ ಗೊತ್ತು.

ಪೊಲೀಸ್ ಕಾರ್ಯಾಚರಣೆ ಮುಗಿದ ಮರುವರ್ಷ ನನ್ನ ಮದುವೆಯಾಯಿತು. ನಾನಾಗ ಕಲಬುರಗಿಯ ಒಂದು ಕಚೇರಿಯಲ್ಲಿ ಉರ್ದು ಕಾಗದಪತ್ರಗಳ ನಡುವೆ ಕೂರುವ ಗುಮಾಸ್ತ. ಬಾಡಿಗೆ ಮನೆಯ ಅಡುಗೆಕೋಣೆಗೆ ಕಿಟಕಿ ಎಂಬುದೇ ಇರಲಿಲ್ಲ. ಹೆಂಡತಿ ರುಕ್ಮಿಣಿ ಹಸಿ ತೊಗರಿಕಟ್ಟಿಗೆ ಊದಿ ಊದಿ ಮೂರೇ ತಿಂಗಳಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡಳು. ಮಗಳನ್ನು ನೋಡಲು ಬಂದ ಮಾವನವರು ಆ ಕಣ್ಣು ನೋಡಿದವರೇ ಕೂತ ಮಣೆಯಿಂದ ಎದ್ದರು. "ಅಳಿಯದೇವ್ರ, ಹೊಗಿ ಇಲ್ಲದ ಅಡಿಗಿಮನಿ ಮಾಡ್ರಿ. ನನ್ನ ಎದುರಿಗೆ ಹಾಲು ಉಕ್ಕಿಸಿ ತೋರಸ್ರಿ. ಅವತ್ತ ಕಳಸ್ತೇನಿ," ಎಂದು ಅವಳನ್ನು ಕಮಲಾಪುರಕ್ಕೆ ಕರೆದುಕೊಂಡು ಹೋದರು.

ಅಂದಿನಿಂದ ನಾನು ಸಂಜೆ ಕಚೇರಿ ಬಿಟ್ಟವನೇ ಬಸ್ಸು ನಿಲ್ಲುವ ಜಾಗಕ್ಕೆ ಹೋಗಿ ಸುಮ್ಮನೆ ನಿಲ್ಲುತ್ತಿದ್ದೆ. ಕಮಲಾಪುರದ ಬಸ್ಸಿನಿಂದ ಕೆಂಪು ಬಾಳೆಹಣ್ಣಿನ ಬುಟ್ಟಿಗಳು ಇಳಿಯುತ್ತಿದ್ದವು, ಅವಳು ಇಳಿಯುತ್ತಿರಲಿಲ್ಲ. ಆ ಬುಟ್ಟಿಗಳ ಮೇಲೂ ನನಗೆ ಹೊಟ್ಟೆಕಿಚ್ಚು. ಬೆಳಿಗ್ಗೆ ಅವು ಅವಳಿದ್ದ ಊರಿನಲ್ಲಿದ್ದವಲ್ಲ! ಪತ್ರ ಬರೆಯೋಣವೆಂದರೆ ಅದನ್ನು ಮಾವನವರು ಒಡೆದು ಪಡಸಾಲೆಯಲ್ಲಿ ಎಲ್ಲರೆದುರು ಓದುವ ಪದ್ಧತಿ. ಹಾಗಾಗಿ "ನೀನಿಲ್ಲದೆ ಬೇಸರ" ಎಂದು ಬರೆಯಬೇಕೆನಿಸಿದ ಕಡೆಯೆಲ್ಲ "ಸ್ಟೋ ಕೊಂಡಿದ್ದೇನೆ, ಹೊಗೆ ಬರುವುದಿಲ್ಲವಂತೆ" ಎಂದು ಬರೆದೆ. ಒಂದೇ ಪತ್ರದಲ್ಲಿ ನಾಲ್ಕು ಸಲ.

ಸ್ಟೋ ಏನೋ ಮನೆಗೆ ಬಂತು. ಆದರೆ ಮಾವನವರದು ಕಟ್ಟಾ ಮಡಿಯ ಮನೆತನ. ಯಾರ್ಯಾರೋ ಮುಟ್ಟಿದ ವಸ್ತುವಿನ ಮೇಲೆ ಕಾಸಿದ ಹಾಲು ಅವರ ಗಂಟಲಲ್ಲಿ ಇಳಿಯುವುದುಂಟೆ? ನಾನು ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಬಾವಿನೀರು ಸೇದಿ ಸ್ಟೋ ತೊಳೆದೆ. ಹೊರಗಷ್ಟೇ ತೊಳೆದರೆ ದೇವರಿಗೆ ಮೋಸ ಮಾಡಿದಂತೆ ಎನಿಸಿ, ಎಣ್ಣೆ ಹಾಕುವ ಮುಚ್ಚಳ ತೆಗೆದು ಒಳಗೂ ನೀರು ತುಂಬಿ, ಕುಲುಕಿ ಚೆಲ್ಲಿದೆ. ಆಮೇಲೆ ಸೀಮೆಎಣ್ಣೆ ಹಾಕಿ ಪಂಪು ಹೊಡೆದೆ. ಚಟಪಟ ಎಂದಿತು, ಹಳದಿ ನಾಲಗೆ ಚಾಚಿತು, ಬುಸ್ಸೆಂದು ಆರಿತು.

ಊರಿನ ರೋಜಾ ಓಣಿಯಲ್ಲಿ, ದರ್ಗಾಕ್ಕೆ ಹೋಗುವ ದಾರಿಯಲ್ಲಿ, ಸ್ಟೋ ರಿಪೇರಿಯ ಹುಸೇನ್ ಸಾಬರ ಅಂಗಡಿ. ಅವರು ಪಿನ್ನು ಚುಚ್ಚಿ, ಎಣ್ಣೆ ಬದಲಿಸಿ ಹಚ್ಚಿದರೆ ಭರ್ರೆಂದು ನೀಲಿ ಉರಿ! ಆದರೆ ಪಂಪು ಬಿಚ್ಚಿದಾಗ ಒಳಗೆ ಬಟ್ಟಲಿನಂಥ ಒಂದು ಕರಿ ವಸ್ತು ಕಂಡಿತು. "ಅದೇನ್ರಿ?" ಎಂದೆ. "ವಾಶರ್ ರೀ ಪಂತಜಿ. ಚಮಡಾದ್ದು." ಚರ್ಮ! ಇನ್ನು ಮಡಿಯ ಗತಿಯೇನು? ಮನೆಗೆ ಬಂದವನೇ ಸ್ಟೋವನ್ನು ಮತ್ತೆ ತೊಳೆದೆ, ಈ ಸಲ ಎರಡು ಕೊಡ ನೀರಿನಲ್ಲಿ. ಮತ್ತೆ ಚಟಪಟ, ಮತ್ತೆ ಬುಸ್ಸು. ಹೀಗೇ ಮೂರು ಸಲ ಆಯಿತು.

ಮೂರನೆಯ ಸಲ ಸಾಬರು ಎಣ್ಣೆ ಬಗ್ಗಿಸಿ ನೋಡಿದರು. "ನನ್ನ ಅಂಗಡ್ಯಾಗ ಉರೀತದ, ನಿಮ್ಮ ಮನ್ಯಾಗ ಉರಿಯಂಗಿಲ್ಲ. ಎಣ್ಣ್ಯಾಗ ನೀರು ಅದ ನೋಡ್ರಿ. ಯಾರೋ ದಗಾ ಮಾಡ್ಯಾರ."

"ಎಂಥಾ ಜನಾ ಇರ್ತಾರ್ರೀ!" ಎಂದು ನಾನೂ ತಲೆ ಕೊಡವಿದೆ. ಸಾಲದ್ದಕ್ಕೆ ಎಣ್ಣೆ ಅಂಗಡಿಯ ಮುದುಕನ ಜೊತೆ ಜಗಳವಾಡಿ ಬಂದೆ. ಪಾಪ, ಇವತ್ತಿಗೂ ಅವನ ನೆನಪಾದರೆ ನನಗೆ ನಾಚಿಕೆಯಾಗುತ್ತದೆ. ಅಂದು ಸಾಬರು ಮೆಲ್ಲಗೆ, "ನಿಮ್ಮ ಮನಿಯವರು ಊರಾಗ ಇಲ್ಲೇನ್ರೀ?" ಎಂದು ಕೇಳಿದ್ದರು. ನಾನು ಸ್ಟೋವಿನ ಮುಚ್ಚಳ ತಿರುಗಿಸುತ್ತ ಕೂತೆ. ಅವರು ಮತ್ತೆ ಕೇಳದೆ ಚಹಾ ತರಿಸಿದರು. ಮಡಿಯೆಲ್ಲ ಸ್ಟೋವಿಗೆ, ನಾನು ಆ ಚಹಾ ಗಟಗಟ ಕುಡಿದೆ.

ಗೊತ್ತುಮಾಡಿದ ದಿನ ಮಾವನವರು ಬಾಳೆಹಣ್ಣು ಹಿಡಿದು ಬಂದರು. ಹಿಂದಿನ ದಿನವೇ ನಾನು ಸ್ಟೋವನ್ನು ಮತ್ತೊಮ್ಮೆ ಮಡಿ ಮಾಡಿದ್ದೆನೆಂದು ಬೇರೆ ಹೇಳಬೇಕಾಗಿಲ್ಲ. ಪಂಪು ಹೊಡೆದು ಹೊಡೆದು ನಾನು ಬೆವತೆ, ಹಾಲು ಬೆವರಲಿಲ್ಲ. ಕಡೆಗೆ ಮಾನ ಉಳಿಸಿಕೊಳ್ಳಲೆಂದು, "ಒಳಗ ಹೊರಗ ಎಲ್ಲಾ ಬಾವಿನೀರಿಲೆ ತೊಳದೀನ್ರಿ, ಮಾವನವರ," ಎಂದೆ. ಅವರ ಮುಖ ಅರಳಿತು. "ಭೇಷ್! ನಿಮ್ಮ ಆಚಾರಕ್ಕ ಮೆಚ್ಚಿದೆ. ಆದರ ಹಾಲು ಉಕ್ಕಲಿಲ್ಲ ನೋಡ್ರಿ. ದೀಪಾವಳಿ ಆದಮ್ಯಾಲ ನೋಡೂಣು." ಆಗಿನ್ನೂ ನಾಗರಪಂಚಮಿ ಕೂಡ ಆಗಿರಲಿಲ್ಲ. ಅವರು ಹೋದ ಮೇಲೆ ನಾನು ಒಬ್ಬನೇ ಕೂತು ತಣ್ಣನೆಯ ಹಾಲು ಕುಡಿದೆ. ಅಷ್ಟು ಒಂಟಿ ಎಂದು ನನಗೆ ಹಿಂದೆಂದೂ ಅನಿಸಿರಲಿಲ್ಲ.

ಮೂರನೆಯ ದಿನ ಸಂಜೆ ಬಸ್ಸಿನ ಕಡೆ ಹೋಗುವ ಮನಸ್ಸೂ ಆಗದೆ ನೇರ ಮನೆಗೆ ಬಂದೆ. ಬಾಗಿಲು ತೆರೆದಿತ್ತು. ಅಂಗಳದಲ್ಲಿ ರುಕ್ಮಿಣಿ ನನ್ನ ಸ್ಟೋವನ್ನು ತಲೆಕೆಳಗಾಗಿ ಹಿಡಿದು ಕೂತಿದ್ದಳು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಪಕ್ಕದ ಮನೆಯಿಂದ ಬೀಗದ ಕೈ ಇಸಿದುಕೊಂಡಿದ್ದಳಂತೆ. ಮಾವನವರು ಅವಳನ್ನು ಬಿಟ್ಟು ಗುಡಿಗೆ ಹೋಗಿದ್ದರು.

"ಅಪ್ಪ ಪಡಸಾಲ್ಯಾಗ ನಿಮ್ಮ ಆಚಾರ ಹೊಗಳಿಕೋತ ಕೂತಿದ್ದರು," ಎಂದಳು. "ಒಳಗ ಹೊರಗ ತೊಳದಾರ ಅಂದದ್ದು ಕೇಳಿದ ಕೂಡ್ಲೆ ನಾ ಗಂಟು ಕಟ್ಟಿದೆ. ಅಪ್ಪಗ ಬ್ಯಾಡ ಅನ್ಲಿಕ್ಕೆ ಬಿಡಲಿಲ್ಲ. ಇನ್ನೂ ಎರಡು ದಿವಸ ಬಿಟ್ಟಿದ್ರ ನೀವು ಕಂದೀಲನೂ ತೊಳದು ಬಿಡ್ತಿದ್ರಿ."

ಕಂದೀಲನ್ನು ನಾನು ಹಿಂದಿನ ದಿನವೇ ತೊಳೆದಿದ್ದೆ.

"ಇದು ನಾಳೆ ಬಿಸಲಾಗ ಒಣಗಲಿ. ಇವತ್ತಿಗೆ ಕಟ್ಟಿಗಿ ಒಲಿನೇ," ಎಂದು ಅವಳು ಸೆರಗು ಸಿಕ್ಕಿಸಿ ಎದ್ದಳು.

"ಬ್ಯಾಡ, ನಿನ್ನ ಕಣ್ಣು..." ಎಂದೆ.

"ನನ್ನ ಕಣ್ಣು ಇರ್ಲಿ. ನಿಮ್ಮ ಕಣ್ಣಾಗ ಯಾಕ ನೀರು?"

"ಹೊಗಿ," ಎಂದೆ.

ರುಕ್ಮಿಣಿ ಒಳಗಿನ ಒಲೆಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. "ಇನ್ನಾ ಹಚ್ಚೇ ಇಲ್ಲಲ್ರೀ," ಎಂದಳು.